ಪೆನಿರಾಯರ ಪರವಾಗಿ ನಾಲ್ಕು ತಪ್ಪು ಮಾತು

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ಜಲಪಾತದ ಫೋಟೋ, ಎತ್ತರದ ಕಟ್ಟಡದ ಫೋಟೋ ತೋರಿಸುತ್ತಾರೆ. ನನ್ನ ಫೋನಿನಲ್ಲಿರುವುದು ಒಂದು ಉದ್ದನೆಯ ಕೋಲು, ಅದನ್ನು ಹಿಡಿದು ಬಾಯಿ ತೆರೆದು ನಿಂತಿರುವ ನಾನು, ಹಿಂದೆ ತಲೆ ಮೇಲೆ ಕೈಹೊತ್ತು ಕೂತಿರುವ ದಪ್ಪನೆಯ ಮುದುಕರೊಬ್ಬರು. ತಿಪಟೂರಿನಲ್ಲಿ ನೋಡಿದವರೆಲ್ಲ "ಇದೇನ್ರಮ್ಮ, ಆ ಮನುಷ್ಯನಿಗೆ ಹೊಡೆದ್ರಾ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿತು. ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟಿದ್ದಾಳೆ, ಹಾಗಾಗಿ ಎಲ್ಲರಿಗೂ ಸೇರಿಸಿ ಬರೆದುಬಿಡುತ್ತೇನೆ. ಹೊಡೆಯಲಿಲ್ಲ. ಅವರ ಪರವಾಗಿ ಭಾಷಣ ಮಾಡಿದೆ. ಎರಡರಲ್ಲಿ ಯಾವುದು ಹೆಚ್ಚು ನೋವಾಯಿತೋ ಅವರನ್ನೇ ಕೇಳಬೇಕು.

ಫ್ರಿಸ್ಕೋ: ಯಾರದೋ ಅಡುಗೆಮನೆ

ನನ್ನ ಮಗಳು ಸುಮಾ ಹಲ್ಲಿನ ಡಾಕ್ಟರು. ಡಲ್ಲಾಸಿನ ಉತ್ತರಕ್ಕೆ ಫ್ರಿಸ್ಕೋದಲ್ಲಿ ಅವಳ ಮನೆ. ಅಲ್ಲಿ ಮನೆಗಳನ್ನು ಇಡ್ಲಿ ತಟ್ಟೆಯಲ್ಲಿ ಹುಯ್ದು ತೆಗೆದಿದ್ದಾರೆ. ಅದೇ ಇಟ್ಟಿಗೆ, ಅದೇ ಬಾಗಿಲು, ಮುಂದೆ ಅದೇ ಒಂದು ಬಡಕಲು ಗಿಡ. ನಮ್ಮೂರಿನಲ್ಲಾದರೆ ಬಣ್ಣ ನೋಡಿ ಮನೆ ಗುರುತಿಸಬಹುದು, ಇಲ್ಲವೇ ಹೊಸಿಲ ಬಳಿ ಮಲಗಿರುವ ನಾಯಿ ನೋಡಿ. ಅಲ್ಲಿ ನಾಯಿಗಳೂ ಒಳಗೆ ಸೋಫಾದ ಮೇಲಿರುತ್ತವೆ.

ಒಂದು ಬೆಳಿಗ್ಗೆ ವಾಕಿಂಗ್ ಮುಗಿಸಿ, ತೆರೆದಿದ್ದ ಗರಾಜಿನಿಂದ ಒಳಗೆ ಹೋಗಿ, ಚಪ್ಪಲಿ ಬಿಟ್ಟು ಅಡುಗೆಮನೆಗೆ ಬಂದೆ. ಅಲ್ಲಿ ಒಬ್ಬರು ಪಂಚೆ ಸುತ್ತಿಕೊಂಡು, ಬರಿಮೈಯಲ್ಲಿ, ತುರಿಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ನೀವೇ ಹೇಳಿ, ಇದನ್ನು ಕಂಡ ತಿಪಟೂರಿನ ಹೆಂಗಸು ಏನೆಂದುಕೊಳ್ಳಬೇಕು? ಸುಮಾ ನನಗೆ ಹೇಳದೆ ಅಡುಗೆ ಭಟ್ಟರನ್ನು ಕರೆಸಿದ್ದಾಳೆ ಎಂದುಕೊಂಡೆ.

"ಯಾವೂರಾಯ್ತು ನಿಮ್ದು? ಕಾಯಿ ಎಳೇದು ಅನ್ಸುತ್ತಲ್ಲ. ಚಟ್ನಿಗೆ ಪರವಾಗಿಲ್ಲ, ಹೋಳಿಗೆಗೆ ಬರಲ್ಲ" ಎಂದೆ.

ಅವರು ಎದ್ದು ನಿಂತರು. ಏಳುತ್ತಲೇ ಇದ್ದರು, ಇನ್ನೂ ಎದ್ದರು, ಅಷ್ಟು ಎತ್ತರ. ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಕುಲುಕಿ, ಒಂದು ಹಿಡಿ ಕಾಯಿತುರಿ ಕೊಟ್ಟರು. ನಾನು ತಿಂದೆ. ಆ ಕೈ ಕುಲುಕಿದ ರೀತಿಯಲ್ಲೇ ನನಗೆ ಅನುಮಾನ ಬಂತು. ಅಡುಗೆಯವರು ಹಾಗೆ ಕೈ ಹಿಡಿಯುವುದಿಲ್ಲ. ಓಟು ಕೇಳುವವರು ಹಿಡಿಯುತ್ತಾರೆ.

ಅಷ್ಟರಲ್ಲಿ ಮೇಲಿನಿಂದ ಒಬ್ಬಳು ಇಳಿದು ಬಂದು, ನನ್ನನ್ನು ನೋಡಿ ನಕ್ಕು, "ಆಂಟಿ, ನಿಮ್ಮ ಮನೆ ಪಕ್ಕದ್ದು" ಎಂದಳು. ಅವಳೇ ಲೀನಾ, ಸುಮಾಳ ನೆರೆಯವಳು. ಕಾಯಿ ತುರಿಯುತ್ತಿದ್ದವರು ಅವಳ ತಂದೆ ಪೆನಿ. ಪೆಸಿಫಿಕ್ ಸಮುದ್ರದ ನಡುವೆ ಅಮೆರಿಕದ ಕೈಕೆಳಗಿರುವ ಟಾಲೋವಾ ಎಂಬ ಪುಟ್ಟ ದ್ವೀಪದವರು. ಪಂಚೆ ಅವರ ಊರಿನದು. ತುರಿಮಣೆಯನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ವಿಮಾನದಲ್ಲಿ ತಂದಿದ್ದರಂತೆ. ಆ ಕ್ಷಣದಿಂದ ನನಗೆ ಅವರು ಪೆನಿರಾಯರು. (ಅವರ ಇಂಗ್ಲಿಷ್ ನಿಧಾನ, ನನ್ನದು ಅಷ್ಟಿಷ್ಟು. ಇಲ್ಲಿ ಎಲ್ಲರ ಮಾತನ್ನೂ ನಮ್ಮ ಕನ್ನಡಕ್ಕೆ ಹಾಕಿದ್ದೇನೆ.)

ಮಾರನೆಯ ದಿನ ಲೀನಾಳಿಗೆ ಕುಂಕುಮ, ರವಿಕೆ ಕಣ, ಒಂದು ತೆಂಗಿನಕಾಯಿ ಕೊಟ್ಟು ಬಂದೆ. ನನ್ನ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ಅವರ ಲೆಕ್ಕದಲ್ಲಿ ಆಗ ಶುರುವಾಯಿತು. ಟಾಲೋವಾದಲ್ಲಿ ಕೊಟ್ಟದ್ದಕ್ಕಿಂತ ದೊಡ್ಡದನ್ನೇ ತಿರುಗಿ ಕೊಡಬೇಕಂತೆ. ಸಂಜೆ ಅಪ್ಪ ಮಗಳು ಹೆಗಲ ಮೇಲೆ ಹೊತ್ತು ಒಂದು ಚಾಪೆ ತಂದರು. ಹಾಸಿದರೆ ನಡುಮನೆ ಮುಗಿದು ಊಟದ ಮೇಜಿನ ಕೆಳಗೆ ಹೋಯಿತು.

"ಅಮ್ಮ, ರವಿಕೆ ಕಣ ಕೊಟ್ಟು ಚಪ್ಪರದಷ್ಟು ಚಾಪೆ ಹೊಡ್ಕೊಂಡ್ಬಿಟ್ಯಲ್ಲ!" ಎಂದಳು ಸುಮಾ.

"ಸುಮ್ನಿರಲೇ. ನನ್ನ ಹಸಿರು ರೇಷ್ಮೆ ಸೀರೆ ಕೊಟ್ಬಿಡೋಣ ಅಂತ."

"ಬೇಡಮ್ಮ! ಆಮೇಲೆ ಅವ್ರು ದೋಣಿ ತಂದ್ಕೊಡ್ತಾರೆ. ಗರಾಜಲ್ಲಿ ಜಾಗ ಇಲ್ಲ."

ಲೀನಾ ಒಂದು ಮಾತು ಹೇಳಿ ಹೋದಳು. ಆ ಚಾಪೆ ಪಡೆದವರು ಇನ್ನು ಮೇಲೆ ತಮ್ಮ ಮನೆಯ ಹಿತೈಷಿ. ಬೇಕಾದರೆ ಸಭೆಯಲ್ಲಿ ಅಪ್ಪನ ಪರವಾಗಿ ಮಾತನಾಡಬಹುದು. ನಾವೂ "ಇದು ನಿಮ್ಮದೇ ಮನೆ ಅಂದ್ಕೊಳ್ಳಿ" ಅನ್ನುತ್ತೇವಲ್ಲ, ಹಾಗೇನೋ ಎಂದುಕೊಂಡು ತಲೆಯಾಡಿಸಿದೆ.

ಹ್ಯೂಸ್ಟನ್ ದಾರಿ: ಅರ್ಧರ್ಧ ರಾಜಕಾರಣಿಗಳು

ನನ್ನ ಮೊಮ್ಮಗಳು ಅನಘಾ ಆಸ್ಟಿನ್‌ನಲ್ಲಿ ಓದುತ್ತಾಳೆ. ಅವಳನ್ನು ನೋಡಬೇಕಿತ್ತು, ಸುಮಾಳಿಗೆ ಪುರುಸೊತ್ತಿರಲಿಲ್ಲ. ಲೀನಾ ತಂದೆಯನ್ನು ಹ್ಯೂಸ್ಟನ್ನಿಗೂ ಅಲ್ಲಿಂದ ಆಸ್ಟಿನ್ನಿಗೂ ಕರೆದುಕೊಂಡು ಹೋಗುವವಳಿದ್ದಳು. "ಆಂಟಿ, ನೀವೂ ಬನ್ನಿ" ಎಂದಳು. ಹೊರಟೆ, ಪುಳಿಯೋಗರೆ ಡಬ್ಬಿ ಸಮೇತ.

ಟೆಕ್ಸಸ್ಸಿನಲ್ಲಿ ರಸ್ತೆ ಎಂದರೆ ನೇರ. ಸ್ಟಿಯರಿಂಗ್ ಯಾಕೆ ಇಟ್ಟಿದ್ದಾರೋ ತಿಳಿಯದು. ನಡುವೆ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಅದರ ಟಾಯ್ಲೆಟ್ಟು ನಮ್ಮ ಊರಿನ ಕಲ್ಯಾಣ ಮಂಟಪಕ್ಕಿಂತ ವಿಶಾಲ, ಚೊಕ್ಕಟ. ಅಲ್ಲೇ ಒಂದು ಮದುವೆ ಮಾಡಬಹುದು. ನಾನು ಹೊರಗೆ ಬಂದಾಗ ಪೆನಿರಾಯರು ಸೋಡಾಗೆ ಕ್ಯೂ ನಿಂತವರಿಗೆಲ್ಲ ಕೈ ಕುಲುಕುತ್ತಿದ್ದರು. ದೊಡ್ಡ ಟೋಪಿಯ ಒಬ್ಬ ಟ್ರಕ್ ಡ್ರೈವರ್ ಗಾಬರಿಯಾಗಿ ತನ್ನ ಸೋಡಾ ಅವರಿಗೇ ಕೊಟ್ಟುಬಿಟ್ಟ.

"ಇವರ್ಯಾರಿಗೂ ನಿಮ್ಮೂರಲ್ಲಿ ಓಟಿಲ್ವಲ್ಲ?" ಎಂದೆ.

"ಅಭ್ಯಾಸ ಬಿಟ್ಟುಹೋಗಬಾರದು" ಎಂದರು.

ಕಾರಿನಲ್ಲಿ ತಮ್ಮ ಕಥೆ ಹೇಳಿದರು. ಹುಟ್ಟಿದ್ದು ಟಾಲೋವಾದಿಂದಲೂ ದೂರದ ಒಂದು ತುಂಡು ದ್ವೀಪದಲ್ಲಿ. ಹುಡುಗನಾಗಿದ್ದಾಗ ಹಡಗಿಗೆ ಕೊಬ್ಬರಿ ಮೂಟೆ ಹೊತ್ತಿದ್ದರು. ಕೊಬ್ಬರಿ ಎಂದ ಕೂಡಲೇ ಕೊಬ್ಬರಿ ಪೇಟೆಯ ತಿಪಟೂರಿನವಳಾದ ನನಗೆ ತಮ್ಮನೇ ಸಿಕ್ಕಂತಾಯಿತು. ಆಮೇಲೆ ದ್ವೀಪದ ರೇಡಿಯೋದಲ್ಲಿ ಹಡಗು ಯಾವಾಗ ಬರುತ್ತದೆ ಎಂದು ಓದುವ ಕೆಲಸ. ಹಡಗು ಬರುತ್ತಿದ್ದದ್ದೇ ಅಪರೂಪ, ಆದರೆ ಸುದ್ದಿ ಹೇಳುವ ದನಿ ಎಲ್ಲರಿಗೂ ಗೊತ್ತಾಯಿತು. ಆ ದನಿಯ ಮೇಲೆ ಹಳ್ಳಿಯ ಪಂಚಾಯಿತಿ, ದ್ವೀಪದ ಶಾಸನಸಭೆ, ಕೊನೆಗೆ ವಾಷಿಂಗ್ಟನ್.

ವಾಷಿಂಗ್ಟನ್ನಿನದ್ದೇ ತಮಾಷೆ. ದ್ವೀಪದಿಂದ ಗೆದ್ದು ಹೋದ ಪ್ರತಿನಿಧಿ ಅಲ್ಲಿನ ಸಭೆಯಲ್ಲಿ ಕೂರಬಹುದು, ಎದ್ದು ಮಾತನಾಡಬಹುದು, ಆದರೆ ಕೊನೆಯಲ್ಲಿ ಕಾನೂನು ಪಾಸಾಗುವಾಗ ಓಟು ಹಾಕುವ ಹಾಗಿಲ್ಲ.

"ಅಂದ್ರೆ ಬರೀ ಮಾತಾ?"

"ಬರೀ ಮಾತು. ಆದರೂ ಮಾತಾಡಿ ಮಾತಾಡಿ ಒಂದು ಹಡಗು ತಂದೆ. ಹೊರಗಿನ ದ್ವೀಪಗಳಿಗೆ ವಾರವಾರ ಹೋಗುತ್ತದೆ. ಔಷಧಿ, ಮೇಷ್ಟ್ರು, ಬಸುರಿಯರು, ಎಲ್ಲ ಅದರಲ್ಲೇ."

ನನಗೆ ನಗು ತಡೆಯಲಾಗಲಿಲ್ಲ. ನಾನು ತಿಪಟೂರು ನಗರಸಭೆಯಲ್ಲಿ ಒಂದು ಅವಧಿ ಸದಸ್ಯೆಯಾಗಿದ್ದೆ, ಮಹಿಳಾ ಮೀಸಲಾತಿಯಲ್ಲಿ. ನನಗೆ ಓಟಿತ್ತು, ಮಾತಿರಲಿಲ್ಲ. ಹಿಂದಿನ ಕುರ್ಚಿಯಲ್ಲಿ ನಮ್ಮ ಯಜಮಾನರು ಕೂತು ಮಾತನಾಡುತ್ತಿದ್ದರು, ನಾನು ಕೈ ಎತ್ತುತ್ತಿದ್ದೆ. ಇದನ್ನು ಹೇಳಿದಾಗ ಪೆನಿರಾಯರು ಸೀಟು ಅಲುಗಾಡುವ ಹಾಗೆ ನಕ್ಕು, "ಹಾಗಾದರೆ ಈ ಕಾರಿನಲ್ಲಿ ಒಬ್ಬ ಪೂರ್ತಿ ರಾಜಕಾರಣಿ ಇದ್ದಾರೆ" ಎಂದರು.

"ಮತ್ತೆ ಸೋತಿದ್ಯಾಕೆ?" ಎಂದೆ. ಅವರೀಗ ಆ ಸ್ಥಾನದಲ್ಲಿಲ್ಲ ಎಂದು ಲೀನಾ ಮೊದಲೇ ಹೇಳಿದ್ದಳು.

ಮುಂದೆ ಡ್ರೈವ್ ಮಾಡುತ್ತಿದ್ದ ಲೀನಾ, "ಅಪ್ಪಾ, ಸಿಗ್ನಲ್ ಕಥೆ ಹೇಳಿ" ಎಂದಳು.

ದ್ವೀಪಕ್ಕೆ ಇರುವುದು ಒಂದೇ ರಸ್ತೆ. ಅದು ಸಮುದ್ರದ ಅಂಚಿಗೆ ಸುತ್ತು ಹಾಕಿ ಹೊರಟ ಜಾಗಕ್ಕೇ ಬರುತ್ತದೆ. ಅಡ್ಡ ರಸ್ತೆಯೇ ಇಲ್ಲ. ಪೆನಿರಾಯರು ಅಭಿವೃದ್ಧಿಯಾಗಲಿ ಎಂದು ಅಲ್ಲಿಗೆ ಒಂದು ಟ್ರಾಫಿಕ್ ಸಿಗ್ನಲ್ ತರಿಸಿದರು. ಜನ ಕೆಂಪು ದೀಪಕ್ಕೆ ನಿಂತು, ಅಡ್ಡಬರುವ ಯಾರನ್ನೋ ಕಾದು, ಯಾರೂ ಬರದೆ, ಮನೆಗೆ ಹೋಗಿ ಊಟಕ್ಕೆ ತಡವಾಗಿ, ಮುಂದಿನ ಚುನಾವಣೆಯಲ್ಲಿ ಅವರನ್ನು ಕೆಳಗಿಳಿಸಿದರು.

ಈಗ ಕೊನೆಯ ಬಾರಿ ನಿಲ್ಲಬೇಕೆಂದಿದ್ದಾರೆ. ಆ ಹಡಗನ್ನು ನಿಲ್ಲಿಸುವ ಮಾತು ವಾಷಿಂಗ್ಟನ್ನಿನಲ್ಲಿ ನಡೆದಿದೆ. ಅದಕ್ಕೆ ಅಡ್ಡ ನಿಂತು ಮಾತನಾಡಬೇಕು. ಆದರೆ ದ್ವೀಪದ ಅರ್ಧ ಜನ ಈಗ ಟೆಕ್ಸಸ್ಸಿನಲ್ಲಿದ್ದಾರೆ. ಅವರ ಹಿರಿಯರು ಆಸ್ಟಿನ್‌ನಲ್ಲಿ ಸೇರಿ ಯಾರಿಗೆ ಬೆಂಬಲ ಎನ್ನುತ್ತಾರೋ ಅವರು ನಿಲ್ಲುತ್ತಾರೆ, ಉಳಿದವರು ಹಿಂದೆ ಸರಿಯಬೇಕು. ಅದೇ ಕಟ್ಟಲೆ. ಅಲ್ಲಿ ಅಭ್ಯರ್ಥಿ ತನ್ನ ಬಗ್ಗೆ ತಾನೇ ಬಾಯಿ ಬಿಡಬಾರದು, ಅದು ಹೀನಾಯ. ಒಬ್ಬ ಮಾತುಗಾರ ಕೋಲು ಹಿಡಿದು ನಿಂತು ಅವನ ಪರವಾಗಿ ಹೇಳಬೇಕು. ಕೋಲು ಕೈಯಲ್ಲಿದ್ದಾಗ ಆಡಿದ ಮಾತನ್ನು ಹಿಂತೆಗೆದುಕೊಳ್ಳುವ ಹಾಗಿಲ್ಲ.

"ನಮ್ಮ ಮಾತುಗಾರ ಟೋಮಾ ಹ್ಯೂಸ್ಟನ್ನಿನಲ್ಲಿದ್ದಾನೆ" ಎಂದರು ಪೆನಿರಾಯರು. "ಅವನಂಥ ಗಂಟಲು ಇನ್ನೊಂದಿಲ್ಲ."

ಹ್ಯೂಸ್ಟನ್: ಊಟ ಆದ ಮೇಲೆ

ಹ್ಯೂಸ್ಟನ್ನಿನ ಗಾಳಿಯನ್ನು ಹಿಂಡಿದರೆ ಒಂದು ಬಕೆಟ್ ನೀರು ಬರುತ್ತದೆ. ಮಂಗಳೂರಿನಲ್ಲೂ ಇಷ್ಟು ಬೆವರಿದ್ದಿಲ್ಲ. ಫ್ಲೈಓವರುಗಳು ಒಂದರ ಮೇಲೊಂದು ಚಕ್ಕುಲಿಯ ಹಾಗೆ ಸುತ್ತಿಕೊಂಡಿವೆ.

ಟೋಮಾ ಸಣಕಲು ಮನುಷ್ಯ, ಬೆಳ್ಳಗಿನ ಗಡ್ಡ, ಬಾಯಿ ತೆರೆದರೆ ಗುಡುಗು. ಊಟಕ್ಕೆ ನನಗೆಂದೇ ತೆಂಗಿನ ಹಾಲಿನಲ್ಲಿ ಕೆಸುವಿನ ಎಲೆ ಬೇಯಿಸಿದ್ದ. ಅದು ನಮ್ಮ ಪತ್ರೊಡೆಯ ದೂರದ ಅಕ್ಕನ ಮಗಳು. ಎರಡು ಸಲ ಹಾಕಿಸಿಕೊಂಡೆ. ಅಲ್ಲೇ ಆದದ್ದು ಅನಾಹುತ.

ಊಟವಾದ ಮೇಲೆ ಟೋಮಾ ಕೋಲು ಹಿಡಿದು, ಆಸ್ಟಿನ್‌ನಲ್ಲಿ ಮಾಡುವ ಭಾಷಣವನ್ನು ನಮ್ಮೆದುರು ಒಮ್ಮೆ ಹೇಳುತ್ತೇನೆ ಎಂದ. ಸೀನಾ ಎಂಬ ವಕೀಲೆಯೂ ಬಂದಿದ್ದಳು. (ಹೌದು, ನಮ್ಮ ಕಡೆ ಸೀನ ಗಂಡಸು. ಅಲ್ಲಿ ಹೆಂಗಸು, ಅದೂ ಜೋರು.) ಅವಳು ಪೆನಿರಾಯರ ಎದುರಾಳಿ. ಎದುರಾಳಿಯ ಕಡೆಯವರ ಮನೆಯ ಊಟಕ್ಕೆ ಬಂದು, ಅವರ ಭಾಷಣವನ್ನೂ ಕೇಳಿ ಹೋಗುವುದು ಅಲ್ಲಿ ಮರ್ಯಾದೆಯಂತೆ. ನಮ್ಮಲ್ಲಿ ಹೀಗೆ ಮಾಡಿದರೆ ಪಕ್ಷದಿಂದ ಉಚ್ಚಾಟನೆ.

ಟೋಮಾ ಪೆನಿರಾಯರ ಮುತ್ತಜ್ಜನ ಮುತ್ತಜ್ಜನಿಂದ ಶುರು ಮಾಡಿದ. ಆ ಅಜ್ಜ ಯಾವ ದೋಣಿಯಲ್ಲಿ ಬಂದ, ದೋಣಿಯ ಮರ ಯಾವುದು, ಆ ಮರದ ಮೇಲೆ ಯಾವ ಹಕ್ಕಿ ಕೂತಿತ್ತು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ತಣ್ಣಗೆ ಏಸಿ, ಹೊಟ್ಟೆ ತುಂಬ ತೆಂಗಿನ ಹಾಲು. ಹಕ್ಕಿಯವರೆಗೆ ನನಗೆ ನೆನಪಿದೆ.

ಎಚ್ಚರವಾದದ್ದು ಒಂದು ಗೊರಕೆಗೆ. ನನ್ನದೇ. ಪಕ್ಕದಲ್ಲಿ ಇನ್ನೊಂದು ಗೊರಕೆ ನಡೆದಿತ್ತು, ಅದು ಪೆನಿರಾಯರದು. ಟೋಮಾ ಕೋಲು ಹಿಡಿದು ಸೆಟೆದು ನಿಂತಿದ್ದ. ಸೀನಾ ಮಾತ್ರ ಕಣ್ಣು ಅರಳಿಸಿ, ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು.

"ಮುಂದೇನಾಯ್ತು? ಆ ಹಕ್ಕಿ ಎಲ್ಲಿಗೆ ಹಾರಿತು?" ಎಂದು ಕೇಳಿದಳು ಆ ಜಾಣೆ.

ಟೋಮಾ ಪೆನಿರಾಯರ ಕಡೆ ತಿರುಗಿ, "ಮಲಗಿದವರ ಪರವಾಗಿ ನಾನು ಮಾತಾಡೋದಿಲ್ಲ" ಎಂದ. ಕೋಲನ್ನು ಗೋಡೆಗೆ ಒರಗಿಸಿ ಸೀನಾಳ ವ್ಯಾನ್ ಹತ್ತಿ ಹೊರಟೇ ಹೋದ. ಅವನದೇ ಮನೆ, ನಾವು ಅತಿಥಿಗಳು ಉಳಿದೆವು, ಪಾತ್ರೆ ತೊಳೆಯಲು.

ಪೆನಿರಾಯರು ತಟ್ಟೆ ಒರೆಸುತ್ತ, "ಮುಗಿಯಿತು. ವಾಪಸ್ ಹೋಗೋಣ" ಎಂದರು. ಆಗ ಲೀನಾ ನನ್ನನ್ನೇ ನೋಡತೊಡಗಿದಳು.

"ಯಾಕಮ್ಮ ಹಂಗ್ ನೋಡ್ತೀಯಾ?"

"ಆಂಟಿ, ನಾನು ಮಗಳು, ಮಾತಾಡೋ ಹಾಗಿಲ್ಲ. ಆದ್ರೆ ಚಾಪೆ ತಗೊಂಡಿರೋದು ನೀವು."

ಆಸ್ಟಿನ್: ಕೋಲು

ಅನಘಾ ಕನ್ನಡ ಪೂರ್ತಿ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇಷ್ಟು ವರ್ಷ ಇದಕ್ಕೆ ಬೈಯುತ್ತಿದ್ದೆ. ಈಗ ನೋಡಿದರೆ ದೇವರು ಅವಳನ್ನು ಈ ಕೆಲಸಕ್ಕೇ ಹುಟ್ಟಿಸಿದ್ದ. ನಾನು ಕನ್ನಡದಲ್ಲಿ ಹೇಳುವುದು, ಅವಳು ಇಂಗ್ಲಿಷಿಗೆ ಹಾಕುವುದು.

"ಅಜ್ಜಿ, ದಿಸ್ ಈಸ್ ಇನ್ಸೇನ್" ಎಂದಳು.

"ಹುಚ್ಚೇ ಕಣೆ. ಬಾ, ನೆರಳಲ್ಲಿ ನಿಂತ್ಕೋ."

ಕೆರೆಯ ಪಕ್ಕದ ಪಾರ್ಕಿನಲ್ಲಿ, ದೊಡ್ಡ ಮರದ ಕೆಳಗೆ ಸಭೆ. ಹೂವಿನ ಅಂಗಿ ತೊಟ್ಟ ಹಿರಿಯರು ಚಾಪೆಗಳ ಮೇಲೆ ಸುತ್ತ ಕೂತಿದ್ದರು. ನಡುವೆ ಎಲ್ಲರಿಗಿಂತ ಹಿರಿಯಳಾದ ಒಬ್ಬ ಅಜ್ಜಿ, ಬೀಸಣಿಗೆ ಆಡಿಸುತ್ತ. ತೀರ್ಪು ಅವಳ ಬಾಯಿಂದ. ಮೊದಲು ಸೀನಾಳ ಪರವಾಗಿ ಟೋಮಾ ಮಾತನಾಡಿದ. ಎಂಥ ಮಾತು! ಅವನ ಇಂಗ್ಲಿಷ್ ಅರ್ಧ ಮಾತ್ರ ತಿಳಿದ ನನಗೇ ಅವಳಿಗೆ ಓಟು ಹಾಕಬೇಕೆನಿಸಿತು.

ಆಮೇಲೆ ಕೋಲು ನನ್ನ ಕೈಗೆ ಬಂತು. ನನಗಿಂತ ಎತ್ತರ ಇತ್ತು. ನಗರಸಭೆಯಲ್ಲಿ ಒಂದು ದಿನವೂ ಬಾಯಿ ತೆರೆಯದವಳು ನಾನು. ಒಬ್ಬ ಮುದುಕರ ಕೊನೆಯ ಚುನಾವಣೆ, ಯಾವುದೋ ದ್ವೀಪದ ಬಸುರಿಯರ ಹಡಗು, ಎಲ್ಲ ನನ್ನ ಬಾಯಿಯ ಮೇಲೆ.

"ಪೆನಿರಾಯರು ಹುಟ್ಟಿದ್ದು ಟಾಲೋವಾದ ದೊಡ್ಡ ಪೇಟೆ ಬೀದೀಲಿ" ಎಂದುಬಿಟ್ಟೆ.

ಅದು ನಿಜವಾಗಿ ಬಾಯಿತಪ್ಪಿ ಬಂದದ್ದು. ಅನಘಾ ಇಂಗ್ಲಿಷಿಗೆ ಹಾಕಿದಳು. ಜನ ಮುಖ ಮುಖ ನೋಡಿಕೊಂಡರು, ಪೆನಿರಾಯರು ತಲೆ ಮೇಲೆ ಕೈಹೊತ್ತರು. ಲೀನಾ ಫೋಟೋ ತೆಗೆದದ್ದು ಆಗಲೇ. ಆದರೆ ನಾನು ನೋಡಿದ್ದು ಟೋಮಾನನ್ನು. ಸೀನಾಳ ಪಕ್ಕ ಕೂತಿದ್ದವನು ಇರುವೆ ಕಚ್ಚಿದವನಂತೆ ಒಂದು ಸಲ ಮೇಲೆದ್ದು ಮತ್ತೆ ಕೂತ. ತುಟಿ ಅಲ್ಲಾಡಿತು.

ನಗರಸಭೆಯಲ್ಲಿ ಬಾಯಿ ಮುಚ್ಚಿ ಕೂತು ನಾನು ಕಲಿತದ್ದು ಒಂದಿದೆ. ಒಳ್ಳೆಯ ಮಾತುಗಾರ ಹೊಗಳಿಕೆಗೆ ಏಳುವುದಿಲ್ಲ, ಬೈಗುಳಕ್ಕೂ ಏಳುವುದಿಲ್ಲ. ಅವನೆದುರು ಅವನಿಗೆ ಬಾಯಿಪಾಠವಾದದ್ದನ್ನು ಯಾರಾದರೂ ತಪ್ಪು ಹೇಳಿದರೆ, ದೇವರಾಣೆಗೂ ಕೂರಲಾರ. ನಮ್ಮ ಯಜಮಾನರನ್ನು ಹೀಗೇ ಎಷ್ಟು ಸಲ ಎಬ್ಬಿಸಿದ್ದರು! ನನ್ನ ನಾಲಿಗೆ ಸಡಿಲವಾಯಿತು.

"ಅವರು ಬಡತನ ಕಂಡವರಲ್ಲ. ಮೂಟೆ ಗೀಟೆ ಹೊತ್ತಿಲ್ಲ."

"ಅಜ್ಜಿ, ದಟ್ಸ್ ರಾಂಗ್!" ಎಂದು ಅನಘಾ ಪಿಸುಗುಟ್ಟಿದಳು.

"ನೀನು ಹೇಳೇ ಸುಮ್ನೆ!"

ಹೇಳಿದಳು. ಟೋಮಾ ಗಡ್ಡ ಕಿತ್ತುಕೊಳ್ಳತೊಡಗಿದ.

"ರೇಡಿಯೋದಲ್ಲಿ ಇದ್ರಂತೆ. ಅಡುಗೆ ಕಾರ್ಯಕ್ರಮ ಇರಬೇಕು."

"ಹಡಗು!" ಎಂದು ಟೋಮಾ ಕೂತಲ್ಲಿಂದಲೇ ಗುಡುಗಿದ. "ಹಡಗಿನ ವೇಳೆ ಓದ್ತಿದ್ದ!"

"ಹಾಂ, ಹಡಗು" ಎಂದೆ. "ಹೊರಗಿನ ದ್ವೀಪಗಳಿಗೆ ಒಂದು ಹಡಗು ಹೋಗುತ್ತಂತಲ್ಲ, ಪಾಪ, ಅದನ್ನ ತಂದೋರು ಯಾರೋ ಕಾಣೆ. ಸೀನಾ ಅವರೇ ಇರಬೇಕು."

ಅನಘಾ ಅದನ್ನು ಪೂರ್ತಿ ಮಾಡುವ ಮೊದಲೇ ಟೋಮಾ ಚಾಪೆಗಳನ್ನು ದಾಟಿ ಬಂದು ಕೋಲನ್ನು ನನ್ನ ಕೈಯಿಂದ ಕಿತ್ತುಕೊಂಡಿದ್ದ.

"ಸೀನಾ? ಆ ಹಡಗು ಬಂದಾಗ ಸೀನಾ ತೊಟ್ಟಿಲಲ್ಲಿ ಉಚ್ಚೆ ಹುಯ್ಕೋತಿದ್ಲು! ಹಡಗು ತಂದವನು ಪೆನಿ! ಓಟಿಲ್ಲದ ಸಭೆಯಲ್ಲಿ ಬರೀ ಗಂಟಲಿನಿಂದ ತಂದವನು ಪೆನಿ! ನನ್ನ ಹೆಂಡತಿಗೆ ಹೆರಿಗೆ ಕಷ್ಟವಾದಾಗ ಅವಳನ್ನು ದಡ ಸೇರಿಸಿದ್ದು ಆ ಹಡಗು!"

ಆಮೇಲೆ ಅವನನ್ನು ನಿಲ್ಲಿಸುವವರು ಯಾರು? ಮೂಟೆ ಬಂತು, ರೇಡಿಯೋ ಬಂತು, ಮುತ್ತಜ್ಜ ಬಂದ, ದೋಣಿ ಬಂತು, ಹಕ್ಕಿಯೂ ಬಂತು. ಟ್ರಾಫಿಕ್ ಸಿಗ್ನಲನ್ನು ಕೂಡ ಬಿಡಲಿಲ್ಲ: "ದ್ವೀಪದವರು ಜೀವನದಲ್ಲಿ ಒಂದು ಕಡೆ ನಿಂತು ಸಮುದ್ರ ನೋಡಲಿ ಅಂತ ಹಾಕಿಸಿದ!" ಜನ ಚಪ್ಪಾಳೆ ಹೊಡೆದರು, ಮುದುಕಿಯರು ಕಣ್ಣೊರೆಸಿಕೊಂಡರು. ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ಪೆನಿರಾಯರು ತೊಡೆ ಚಿವುಟಿಕೊಂಡು ಎಚ್ಚರವಾಗಿದ್ದರು.

ಮುಗಿಸಿ, ಬೆವರು ಒರೆಸಿಕೊಳ್ಳಲು ಕೈ ಎತ್ತಿದಾಗ ಟೋಮಾ ಕೋಲನ್ನು ನೋಡಿದ. ಸೀನಾಳನ್ನು ನೋಡಿದ. ಮತ್ತೆ ಕೋಲನ್ನು ನೋಡಿದ. ಅವನ ಮುಖ, ಬೇರೆಯವರ ಮದುವೆಯಲ್ಲಿ ತಾಳಿ ಕಟ್ಟಿ ಬಂದವನ ಮುಖವಾಯಿತು.

"ಅದು... ನಾನು ಆ ಹೆಂಗಸಿನ ತಪ್ಪು ತಿದ್ದಿದೆ ಅಷ್ಟೇ" ಎಂದ.

ಹಿರಿಯಜ್ಜಿ ಬೀಸಣಿಗೆ ನಿಲ್ಲಿಸಿದಳು. "ಕೋಲು ಯಾರ ಕೈಯಲ್ಲಿತ್ತು?"

"ನನ್ನ ಕೈಯಲ್ಲಿ."

"ಮಾತು ಯಾರ ಪರವಾಗಿ?"

"ಪೆನಿಯ ಪರವಾಗಿ."

"ನಮ್ಮ ಬೆಂಬಲವೂ ಅವನಿಗೇ" ಎಂದು ಬೀಸಣಿಗೆ ಮತ್ತೆ ಆಡಿಸತೊಡಗಿದಳು.

ಪೆನಿರಾಯರು ಎದ್ದರು. ಕಟ್ಟಲೆಯ ಪ್ರಕಾರ ಮಾತನಾಡುವ ಹಾಗಿಲ್ಲ. ಟೋಮಾನ ಹತ್ತಿರ ಹೋಗಿ ಅವನ ಕೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದು ನಿಂತುಬಿಟ್ಟರು. ಓಟು ಕೇಳುವವರ ಹಿಡಿತ ಅಲ್ಲ ಅದು.

ವಾಕೋ ದಾಟಿದ ಮೇಲೆ

ಸೀನಾಳ ವ್ಯಾನಿನಲ್ಲಿ ಟೋಮಾನಿಗೆ ಇನ್ನು ಜಾಗವಿರಲಿಲ್ಲ. ಜೊತೆಗೆ ತೀರ್ಮಾನವನ್ನು ಡಲ್ಲಾಸಿನವರಿಗೆ ಮಾತುಗಾರನೇ ಹೋಗಿ ತಿಳಿಸಬೇಕು. ಹಾಗಾಗಿ ಅನಘಾಳನ್ನು ಆಸ್ಟಿನ್‌ನಲ್ಲೇ ಬಿಟ್ಟು ಅವನನ್ನು ನಮ್ಮ ಕಾರಿಗೆ ಹಾಕಿಕೊಂಡೆವು, ಕೋಲು ಕಿಟಕಿಯಿಂದ ಅರ್ಧ ಹೊರಗೆ. ಅವನು ನನ್ನ ಪಕ್ಕ ಕೂತು ದಾರಿಯುದ್ದಕ್ಕೂ ನನ್ನ ಭಾಷಣದ ತಪ್ಪುಗಳನ್ನು ತಿದ್ದಿದ. ಕೋಲು ಹಿಡಿಯುವುದು ಬಲಗೈಯಲ್ಲಿ, ಮೊದಲು ಗಾಳಿಗೆ ನಮಸ್ಕಾರ, ಆಮೇಲೆ ಅಜ್ಜಂದಿರು. ಉಳಿದಿದ್ದ ಪುಳಿಯೋಗರೆಯನ್ನೆಲ್ಲ ತಿಂದು ಮುಗಿಸಿ, ವಾಕೋ ಊರು ದಾಟಿದ ಮೇಲೆ ನನ್ನನ್ನು ದುರುಗುಟ್ಟಿ ನೋಡಿ ಕೇಳಿದ:

"ನಿಜ ಹೇಳಿ. ಬೇಕು ಅಂತಲೇ ತಪ್ಪು ಹೇಳಿದ್ರಾ?"

"ಅಯ್ಯೋ, ನನಗೇನಪ್ಪ ಗೊತ್ತು? ವಯಸ್ಸಾಯ್ತು" ಎಂದೆ. ಮುಂದಿನ ಸೀಟಿನಲ್ಲಿ ಪೆನಿರಾಯರ ಭುಜ ಸುಮ್ಮನೆ ಕುಣಿಯುತ್ತಿತ್ತು.

ಆಗ ಲೀನಾಳ ಫೋನ್ ರಿಂಗಾಯಿತು. ಕಾರಿನ ಸ್ಪೀಕರಿನಲ್ಲಿ ಸೀನಾಳ ದನಿ. ಸಿಟ್ಟೇನೂ ಇರಲಿಲ್ಲ, ಭಾರಿ ವಿನಯ. ಈ ಸಲ ಹಿಂದೆ ಸರಿದಿದ್ದಾಳಂತೆ, ಆದರೆ ಮುಂದಿನ ಚುನಾವಣೆಗೆ ಖಂಡಿತ ನಿಲ್ಲುತ್ತಾಳಂತೆ, ಈಗ ಅವಳ ಕಡೆ ಮಾತುಗಾರರು ಯಾರೂ ಇಲ್ಲವಂತೆ. "ಆ ಇಂಡಿಯನ್ ಅಜ್ಜಿ ಖಾಲಿ ಇದ್ದಾರಾ? ನಾನು ಅವರಿಗೆ ಎರಡು ಚಾಪೆ ಕೊಡ್ತೀನಿ."

ನಾನು ಸೆರಗು ಸರಿಮಾಡಿಕೊಂಡು, "ಫೋನ್ ಕೊಡಮ್ಮ ಇಲ್ಲಿ, ಕೇಳೋಣ ಏನಂತಾರೆ" ಎಂದೆ.

ಕಾರಿನಲ್ಲಿದ್ದ ಮೂವರೂ ಒಟ್ಟಿಗೆ ಕಿರುಚಿದರು. ಟೋಮಾ ನನ್ನ ಕೈಗೆ ಸಿಗದ ಹಾಗೆ ಕೋಲನ್ನು ಪೂರ್ತಿ ಕಿಟಕಿಯ ಹೊರಗೆ ಹಿಡಿದ.